ಸೇತುವೆ ಕಟ್ಟಿದವರು, ಸೇತುವೆ ಬರೆದವರು

1791ರ ಮೇ ತಿಂಗಳು. ಬೆಂಗಳೂರಿನ ಕೋಟೆ ಹಿಡಿದ ಹುಮ್ಮಸ್ಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ದಂಡು ಶ್ರೀರಂಗಪಟ್ಟಣದತ್ತ ಹೊರಟಿತು. ನೇರ ದಾರಿಯ ಮೇವು, ಕಾಳನ್ನು ಟಿಪ್ಪು ಮೊದಲೇ ಸುಡಿಸಿದ್ದ. ದಂಡು ಕನಕಪುರದ ಕಡೆಯಿಂದ ಬಳಸಿಕೊಂಡು ಬಂದು ಅರಕೆರೆಯ ಹತ್ತಿರ ಕಾವೇರಿಯ ದಡ ಮುಟ್ಟಿತು. ಆಚೆ ದಡ ಕಣ್ಣೆದುರಿಗಿತ್ತು, ದಾಟುವುದಕ್ಕೆ ದಾರಿ ಇರಲಿಲ್ಲ. ಮಳೆ ಆ ವರ್ಷ ಬೇಗನೆ ಹಿಡಿದುಕೊಂಡಿತ್ತು, ಹೊಳೆ ಏರುತ್ತಿತ್ತು. ಫಿರಂಗಿ ಎಳೆಯುವ ಎತ್ತುಗಳು ನೂರಾರು ಸಂಖ್ಯೆಯಲ್ಲಿ ಸತ್ತು ಬೀಳುತ್ತಿದ್ದವು. ಮೇ 15ರ ಕಾಳಗದಲ್ಲಿ ಗೆದ್ದರೂ ಕಾರ್ನ್‌ವಾಲಿಸನಿಗೆ ದಕ್ಕಿದ್ದು ಏನೂ ಇಲ್ಲ. ಹಾಯಗಡವು ಹುಡುಕುತ್ತ ಮೇಲುಮೇಲಕ್ಕೆ ಕನ್ನಂಬಾಡಿಯವರೆಗೆ ಹೋದ. ಅಲ್ಲಿ ತನ್ನ ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಹಾಳುಮಾಡಿ ಬೆಂಗಳೂರಿಗೆ ಹಿಂತಿರುಗಿದ. ಆ ಸಲ ಶ್ರೀರಂಗಪಟ್ಟಣವನ್ನು ಕಾಪಾಡಿದ್ದು ಅರ್ಧ ಟಿಪ್ಪುವಿನ ಸೈನ್ಯ, ಇನ್ನರ್ಧ ಸೇತುವೆಯಿಲ್ಲದ ಹೊಳೆ.

ಅದೇ ಬೇಸಿಗೆಯಲ್ಲಿ, ದಂಡು ಬರುವ ದಾರಿಯ ಹಳ್ಳಿಗಳ ಜನರನ್ನು ದನಕರುಗಳ ಸಮೇತ ಶಿವನಸಮುದ್ರದ ನಡುಗಡ್ಡೆಗೆ ಅಟ್ಟಲಾಗಿತ್ತು. ಶತ್ರುವಿಗೆ ಒಂದು ಹಿಡಿ ರಾಗಿಯಾಗಲಿ, ಒಂದು ಎತ್ತಾಗಲಿ ಸಿಗಬಾರದು ಎಂಬ ಲೆಕ್ಕ. ಇಂದಿನ ಚಾಮರಾಜನಗರ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಈ ನಡುಗಡ್ಡೆಯನ್ನು ಕಾವೇರಿ ಎರಡು ಸೀಳಾಗಿ ಬಳಸಿ ಹರಿಯುತ್ತಾಳೆ. ಒಂದು ಸೀಳು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಹಿಂದೊಮ್ಮೆ ಅಲ್ಲಿ ಊರಿತ್ತು, ಊರಿಗೆ ಹೋಗಲು ಕಲ್ಲಿನ ಸೇತುವೆಗಳಿದ್ದವು. 1791ರ ಹೊತ್ತಿಗೆ ಅವು ಮುರಿದುಬಿದ್ದಿದ್ದವು. ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಸುತ್ತಲೆಲ್ಲೂ ಇರಲಿಲ್ಲ.

ಕಾರ್ನ್‌ವಾಲಿಸನ ದಂಡಿನ ಜೊತೆ ಚಿತ್ರ ಬರೆಯುವವರೂ ಬಂದಿದ್ದರು. ರಾಬರ್ಟ್ ಹೋಮ್ ವೃತ್ತಿಯಿಂದಲೇ ಚಿತ್ರಗಾರ. ಕೋಲ್‌ಬ್ರೂಕ್ ಸರ್ವೇಯರ್, ಅಲೆಗ್ಸಾಂಡರ್ ಆಲನ್ ಸೈನ್ಯದ ಅಧಿಕಾರಿ, ಜೇಮ್ಸ್ ಹಂಟರ್ ಫಿರಂಗಿ ಪಡೆಯವನು. ಇವರ ಚಿತ್ರಗಳು 1794ರಿಂದ ಹತ್ತು ಹನ್ನೆರಡು ವರ್ಷಗಳ ಅವಧಿಯಲ್ಲಿ ಲಂಡನ್ನಿನಲ್ಲಿ ತಾಮ್ರದ ತಗಡಿನಿಂದ ಅಚ್ಚಾಗಿ, ದೊಡ್ಡ ದೊಡ್ಡ ಪುಸ್ತಕಗಳಾಗಿ ಹೊರಬಂದವು. ಮೈಸೂರು ಸೀಮೆಯ ನೋಟಗಳು ಕಾಗದದ ಮೇಲೆ ಸಾಲಾಗಿ ಮೂಡಿದ್ದು ಆಗಲೇ. ನಂದಿದುರ್ಗ, ಸಾವನದುರ್ಗ, ದೂರದಿಂದ ಕಾಣುವ ಶ್ರೀರಂಗಪಟ್ಟಣದ ಗೋಪುರ ಮಿನಾರುಗಳು, ಹೈದರನ ಗುಂಬಜ್. ಚಂದದ ಚಿತ್ರಗಳು, ನಿಜ. ಆದರೆ ಒಂದರ ಪಕ್ಕ ಒಂದಿಟ್ಟು ನೋಡಿದರೆ ಬರೆದವನ ಕಣ್ಣು ಎಲ್ಲಿತ್ತೆಂದು ಗೊತ್ತಾಗುತ್ತದೆ. ಬೆಟ್ಟವನ್ನು ನೋಡುವಾಗ ಹತ್ತಬಹುದೇ ಎಂದು, ಹೊಳೆಯನ್ನು ನೋಡುವಾಗ ದಾಟಬಹುದೇ ಎಂದು ಲೆಕ್ಕ ಹಾಕುವ ಕಣ್ಣು ಅದು. ಸೀಮೆಯ ಜನ ಆ ಚಿತ್ರಗಳಲ್ಲಿ ಬಹುಮಟ್ಟಿಗೆ ಮುಂದಿನ ಮೂಲೆಯ ಮರದ ಕೆಳಗೆ, ಬೆಟ್ಟದ ಎತ್ತರ ತಿಳಿಯಲೆಂದು ನಿಂತಿರುತ್ತಾರೆ.

ಹೊಳೆಯನ್ನೇ ಕೋಟೆ ಮಾಡಿಕೊಂಡವರು ನಾವು ಮಾತ್ರವೇ ಆಗಿರಲಿಲ್ಲ. ಅದೇ ಕಾಲದ ಜಪಾನಿನಲ್ಲಿ, ಎದೋ ನಗರದಿಂದ (ಇಂದಿನ ಟೋಕಿಯೊ) ಕ್ಯೋಟೋವರೆಗೆ ತೋಕೈದೋ ಎಂಬ ಹೆದ್ದಾರಿ ಇತ್ತು. ದಾರಿಯುದ್ದಕ್ಕೂ ಐವತ್ತಮೂರು ಬಿಡಾರಗಳು. ನಡುವೆ ಓಯಿ ಎಂಬ ಅಗಲವಾದ ಹೊಳೆ. ಅದಕ್ಕೆ ಸೇತುವೆ ಇರಲಿಲ್ಲ. ಕಟ್ಟಲು ಬಾರದೆ ಅಲ್ಲ. ತೋಕುಗಾವಾ ಷೋಗುನರ ಆಡಳಿತ ಕಟ್ಟಗೊಡಲಿಲ್ಲ. ಪಶ್ಚಿಮದ ಪಾಳೆಯಗಾರರು ದಂಡೆತ್ತಿ ಬಂದರೆ ಹೊಳೆಯೇ ತಡೆಯಲಿ ಎಂಬ ಎಣಿಕೆ. ಪ್ರಯಾಣಿಕರನ್ನು ಕೂಲಿಯಾಳುಗಳು ಹೆಗಲ ಮೇಲೆ ಕೂರಿಸಿಕೊಂಡೋ, ಮರದ ಹಲಗೆಯ ಮೇಲೆ ಹೊತ್ತೋ ಎದೆಯುದ್ದ ನೀರಿನಲ್ಲಿ ದಾಟಿಸಬೇಕಿತ್ತು. ಹೊಳೆ ತುಂಬಿದರೆ ದಾಟುವುದೇ ಬಂದ್. ಎರಡೂ ದಡದ ಛತ್ರಗಳಲ್ಲಿ ಜನ ದಿನಗಟ್ಟಲೆ ಕಾಯಬೇಕು. ಛತ್ರದವರಿಗೆ ಅದೇ ಸುಗ್ಗಿ.

ಅಲ್ಲಿ ಈ ಹೊಳೆಯನ್ನು, ಈ ಕೂಲಿಗಳನ್ನು, ಈ ಕಾಯುವಿಕೆಯನ್ನು ಬರೆಯುವವರಿದ್ದರು. ಬರೆದದ್ದನ್ನು ಕೊಳ್ಳುವ ಸಾಮಾನ್ಯ ಜನರೂ ಇದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಎರಡು ವರ್ಷದ ಕೂಸಾಗಿದ್ದ ಚಿತ್ರಗಾರ ಹಿರೋಷಿಗೆ, ಎದೋ ನಗರದ ಬೆಂಕಿ ಕಾವಲಿನವರ ಮನೆಯಲ್ಲಿ ಹುಟ್ಟಿದವನು. 1833ರಿಂದ ಅವನ ತೋಕೈದೋ ಚಿತ್ರಮಾಲೆ ಅಚ್ಚಾಗತೊಡಗಿತು. ಅದರ ಮೊದಲ ಹಾಳೆಯೇ ನಿಹೋನ್‌ಬಾಷಿ ಎಂಬ ಸೇತುವೆ. ಬೆಳಗಿನ ಜಾವ ಪಾಳೆಯಗಾರನೊಬ್ಬನ ಪರಿವಾರ ಆ ಸೇತುವೆಯ ಏರು ಹತ್ತಿ ಬರುತ್ತಿದೆ, ಮೀನು ಮಾರುವವರು ಬದಿಗೆ ಸರಿದು ನಿಂತಿದ್ದಾರೆ. ಇಂಥ ಹಾಳೆಯ ಬೆಲೆ ಒಂದೆರಡು ಬಟ್ಟಲು ನೂಡಲ್ಸಿನ ಬೆಲೆಗಿಂತ ಹೆಚ್ಚಿರಲಿಲ್ಲ. ಊರಿಗೆ ಮರಳುವವರು ಮನೆಯವರಿಗೆಂದು ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು.

ಹಿರೋಷಿಗೆಯ ಅತ್ಯಂತ ಹೆಸರಾದ ಸೇತುವೆ ಬಂದದ್ದು 1857ರಲ್ಲಿ, ನಮ್ಮ ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ವರ್ಷ. ಎದೋ ನಗರದ ನೂರು ನೋಟಗಳ ಮಾಲೆಯಲ್ಲಿ ಅದೊಂದು. ಸುಮಿದಾ ಹೊಳೆಯ ಮೇಲಿನ ಮರದ ಸೇತುವೆ, ಮೇಲೆ ದಿಢೀರನೆ ಸುರಿಯುವ ಬೇಸಿಗೆ ಮಳೆ. ಹಾಳೆ ಉದ್ದುದ್ದಕ್ಕಿದೆ. ಸೇತುವೆ ಕೆಳಗಿನ ಭಾಗದಲ್ಲಿ ಓರೆಯಾಗಿ ಹಾದುಹೋಗುತ್ತದೆ. ಅದರ ಮೇಲೆ ಕೆಲವೇ ಜನ: ಕೊಡೆ ಬಾಗಿಸಿ ಹಿಡಿದು ಓಡುವವರು, ಒಂದೇ ಕೊಡೆಯ ಕೆಳಗೆ ಮುದುಡಿದವರು, ತಲೆಯ ಮೇಲೆ ಚಾಪೆ ಹೊದ್ದವನು. ಯಾರ ಮುಖವೂ ಕಾಣದು. ನಡುನೀರಿನಲ್ಲಿ ಒಬ್ಬ ಮರದ ದಿಮ್ಮಿಗಳ ತೆಪ್ಪ ನಡೆಸುತ್ತಿದ್ದಾನೆ. ಅವನಿಗೆ ಓಡಲು ಜಾಗವಿಲ್ಲ. ಆಚೆ ದಡ ಮಳೆಯಲ್ಲಿ ಬೂದುಬಣ್ಣದ ನೆರಳಾಗಿದೆ, ಅದೂ ಓರೆಯಾಗಿದೆ. ಮೇಲಂಚಿನಲ್ಲಿ ಕಪ್ಪು ಮೋಡ.

ಮಳೆಯ ಗೆರೆಗಳನ್ನು ಹತ್ತಿರದಿಂದ ನೋಡಬೇಕು. ಕೂದಲೆಳೆಯಂಥ ಆ ಗೆರೆಗಳು ಎಲ್ಲವೂ ಒಂದೇ ದಿಕ್ಕಿಗೆ ಇಲ್ಲ. ಎರಡು ಬೇರೆ ಹಲಗೆಗಳಲ್ಲಿ, ಸ್ವಲ್ಪ ಬೇರೆ ಬೇರೆ ಓರೆಯಲ್ಲಿ ಕೆತ್ತಿ ಒಂದರ ಮೇಲೊಂದು ಅಚ್ಚೊತ್ತಿದ್ದಾರೆ. ಗಾಳಿ ತಿರುಗುವ ಮಳೆ ಹಾಗೆಯೇ ಇರುತ್ತದೆ. ಚಿತ್ರಗಾರ ತೆಳು ಕಾಗದದ ಮೇಲೆ ಮಸಿಯಲ್ಲಿ ಬರೆದುಕೊಟ್ಟದ್ದನ್ನು ಕೆತ್ತುವವನು ಕಾಡು ಚೆರ್ರಿ ಮರದ ಹಲಗೆಗೆ ಬೋರಲು ಅಂಟಿಸಿ, ಗೆರೆಗಳನ್ನು ಬಿಟ್ಟು ಉಳಿದ ಮರವನ್ನೆಲ್ಲ ತೆಗೆಯುತ್ತಾನೆ. ಮೂಲಚಿತ್ರ ಅಲ್ಲಿಗೆ ಮುಗಿಯಿತು. ಬಣ್ಣಕ್ಕೊಂದು ಹಲಗೆ. ಕಾಗದ ಒಂದು ನೂಲಿನಷ್ಟೂ ಆಚೀಚೆ ಸರಿಯದ ಹಾಗೆ ಹಲಗೆಯ ಮೂಲೆಯಲ್ಲಿ ಗುರುತು. ಬಿದಿರಿನ ಸೋಗೆ ಸುತ್ತಿದ ಬಿಲ್ಲೆಯಿಂದ ಅಚ್ಚುಗಾರ ಹಾಳೆಯ ಬೆನ್ನನ್ನು ಉಜ್ಜುತ್ತಾನೆ. ಮೋಡದ ಕಪ್ಪು ಕೆಳಕೆಳಗೆ ತಿಳಿಯಾಗುತ್ತ ಹೋಗುವುದು ಅವನ ಕೈಚಳಕ. ಹಲಗೆಯ ಮೇಲಿನ ಬಣ್ಣವನ್ನು ಪ್ರತಿ ಹಾಳೆಗೂ ಹೊಸದಾಗಿ ಒರೆಸಿ ತಿಳಿಗೊಳಿಸಬೇಕು. ಇಷ್ಟಕ್ಕೂ ಹಣ ಹೂಡಿ, ಯಾವ ನೋಟ ಮಾರಾಟವಾದೀತೆಂದು ತೀರ್ಮಾನಿಸುವವನು ಪ್ರಕಾಶಕ. ಚಿತ್ರದ ಮೇಲೆ ಹಿರೋಷಿಗೆಯ ಹೆಸರಿದ್ದರೂ ಅದು ನಾಲ್ವರ ಕೆಲಸ. ಮೂವತ್ತು ವರ್ಷಗಳ ಮೇಲೆ, 1887ರಲ್ಲಿ, ಪ್ಯಾರಿಸ್ಸಿನಲ್ಲಿದ್ದ ವ್ಯಾನ್ ಗೋ ಈ ಹಾಳೆಯನ್ನು ಎದುರಿಗಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಮಳೆಯಲ್ಲಿ ಮಾತ್ರ ಅವನ ಕುಂಚ ಸೋತಿದೆ ಅಂತಲೇ ನನ್ನ ಅನಿಸಿಕೆ. ಚೆರ್ರಿ ಮರದ ಆ ಸಣ್ಣ ಗೆರೆ ಎಣ್ಣೆಬಣ್ಣಕ್ಕೆ ಒಗ್ಗಿಲ್ಲ.

ಈಗ ಕಾವೇರಿಗೆ ಮರಳೋಣ.

1799ರಲ್ಲಿ ಜನರಲ್ ಹ್ಯಾರಿಸ್ ಕಾರ್ನ್‌ವಾಲಿಸನ ಪಾಠ ಮರೆತಿರಲಿಲ್ಲ. ಮಳೆ ಹಿಡಿಯುವ ಮೊದಲೇ ಬಂದ. ಮಳವಳ್ಳಿಯ ಕಾಳಗ ಮುಗಿಸಿ, ಟಿಪ್ಪು ಕಾಯುತ್ತಿದ್ದ ದಾರಿ ಬಿಟ್ಟು, ತಿರುಮಕೂಡಲಿನ ಪಕ್ಕದ ಸೋಸಲೆಯ ಹತ್ತಿರ ಹೊಳೆ ಹಾಯ್ದ. ಮಾರ್ಚ್ ಕೊನೆಯ ನೀರು ತಗ್ಗಿತ್ತು. ಮೇ 4ರಂದು ಪಟ್ಟಣ ಬಿತ್ತು.

ನಂತರದ ಹಂಚಿಕೆಯಲ್ಲಿ ಇಂದಿನ ಚಾಮರಾಜನಗರ ಜಿಲ್ಲೆ ಎರಡು ಹೋಳಾಯಿತು. ಗುಂಡ್ಲುಪೇಟೆ ಮತ್ತು ಆಗಿನ್ನೂ ಅರಿಕುಠಾರ ಎಂದು ಕರೆಯುತ್ತಿದ್ದ ಚಾಮರಾಜನಗರ ಐದು ವರ್ಷದ ಬಾಲರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಪಾಲಿಗೆ ಬಂದವು. ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರವರೆಗೂ ಅದು ಮದರಾಸಿನ ಲೆಕ್ಕದಲ್ಲೇ ಇತ್ತು. ಶಿವನಸಮುದ್ರದಲ್ಲಿ ಹೊಳೆಯ ಒಂದು ದಡ ಮಹಾರಾಜರದು, ಇನ್ನೊಂದು ಕಂಪನಿಯದು. ಮುಂದಿನ ಕತೆಗೆಲ್ಲ ಇದೇ ಮೂಲ.

ಆ ಹಂಚಿಕೆಯ ನಂತರ ಮೊದಲ ಸೇತುವೆ ಕಟ್ಟಿಸಿದವರು ದಿವಾನ್ ಪೂರ್ಣಯ್ಯ. 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಗಿದ ಆ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಹೆಸರು ಇಂಗ್ಲಿಷು, ಕೆಲಸ ಪೂರಾ ನಮ್ಮದು. ಹೊಳೆಯ ಬಂಡೆಯಲ್ಲಿ ಕುಳಿ ತೋಡಿ ಏಕಶಿಲೆಯ ಕಂಬಗಳನ್ನು ನಾಟಿದ್ದಾರೆ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ, ತೊಲೆಗಳ ಮೇಲೆ ಚಪ್ಪಡಿ. ದೇವಸ್ಥಾನದ ಮಂಟಪ ಕಟ್ಟುವ ಕಲ್ಲುಕುಟಿಗನಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ಸಾವಿರ ಕಂಬದ ಮಂಟಪವನ್ನು ಉದ್ದಕ್ಕೆ ಎಳೆದು ಹೊಳೆಗೆ ಅಡ್ಡ ಹಾಸಿದರೆ ಈ ಸೇತುವೆ. ಕಮಾನು ಇಲ್ಲ, ಗಾರೆಯ ಹಂಗೂ ಹೆಚ್ಚಿಲ್ಲ. ಭಾರವೇ ಭಾರವನ್ನು ಹಿಡಿದಿಟ್ಟಿದೆ. ಪ್ರವಾಹ ಬಂದರೆ ನೀರು ಕಂಬಗಳ ನಡುವೆ ನುಗ್ಗಿ ಹೋಗುತ್ತದೆ. ತೀರಾ ಏರಿದರೆ ಸೇತುವೆಯ ಮೇಲೇ ಹರಿದು ಹೋಗುತ್ತದೆ, ಇಳಿದ ಮೇಲೆ ಕಂಬಗಳು ಮತ್ತೆ ಕಾಣಿಸಿಕೊಳ್ಳುತ್ತವೆ.

ಪೂರ್ಣಯ್ಯನವರಿಗಿಂತ ಮುಂಚೆ ನಮ್ಮ ಸೀಮೆಯಲ್ಲಿ ದೊಡ್ಡ ಸೇತುವೆ ಇರಲೇ ಇಲ್ಲ ಎಂದೇನಲ್ಲ. ಮೈಸೂರಿನಿಂದ ಚಾಮರಾಜನಗರಕ್ಕಾಗಲಿ ಗುಂಡ್ಲುಪೇಟೆಗಾಗಲಿ ಹೋಗುವವರು ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಲೇಬೇಕು. ಅಲ್ಲಿ ದಳವಾಯಿ ದೇವರಾಜಯ್ಯ 1735ರಲ್ಲೇ ಸೇತುವೆ ಕಟ್ಟಿಸಿದ್ದ. ಕಲ್ಲು ಗಾರೆಯ ಕಮಾನುಗಳ ಸಾಲು ಅದು. ಕಳಲೆಯ ದಳವಾಯಿಗಳು ಗಾದಿಯ ಮೇಲೆ ಯಾರನ್ನು ಕೂರಿಸಬೇಕು, ಯಾರನ್ನು ಇಳಿಸಬೇಕು ಎಂದು ನಿಶ್ಚಯಿಸುತ್ತಿದ್ದ ದಿನಗಳು. ಚರಿತ್ರೆ ಅವರನ್ನು ಅದಕ್ಕಾಗಿ ಬೈಯುತ್ತದೆ, ಸೇತುವೆಯ ಮಾತು ಬಂದಾಗ ಮಾತ್ರ ತೆಪ್ಪಗಿರುತ್ತದೆ. ದಂಡಿನ ದಾರಿ, ಜಾತ್ರೆಯ ದಾರಿ, ದಕ್ಷಿಣದ ಘಟ್ಟ ಇಳಿಯುವ ವ್ಯಾಪಾರಿಗಳ ದಾರಿ ಮೂರೂ ಅದೇ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗುಂಡ್ಲುಪೇಟೆಯ ಪಕ್ಕದಲ್ಲಿ ಹರಿದು ಬರುವ ಗುಂಡ್ಲು ಹೊಳೆ ನಂಜನಗೂಡಿನಲ್ಲೇ ಕಪಿಲೆಗೆ ಸೇರುತ್ತದೆ. ಚಿಕ್ಕದೇವರಾಜ ಒಡೆಯರು ಗುಂಡ್ಲುಪೇಟೆಯಲ್ಲಿ ತೀರಿಕೊಂಡ ತಂದೆಯ ನೆನಪಿಗೆ ಪರವಾಸುದೇವ ದೇವಾಲಯ ಕಟ್ಟಿಸಿದ್ದು ಆ ಹೊಳೆಯ ದಡದಲ್ಲಿ. ಪಟ್ಟಕ್ಕೆ ಬರುವ ಮುಂಚೆ ಅವರು ದಿನ ಕಳೆದ ಹಂಗಳವೂ ಅಲ್ಲಿಂದ ಬಹಳ ದೂರವಲ್ಲ. ದಳವಾಯಿಯ ಕಮಾನುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ರೈಲು ಬಂದಾಗ ಹೊಸ ಸೇತುವೆ ಕಟ್ಟುವ ಬದಲು ಅದರ ಮೇಲೆಯೇ ಹಳಿ ಹಾಸಿದರು. ಒಂದು ಮಗ್ಗುಲಲ್ಲಿ ಎತ್ತಿನಗಾಡಿ, ಇನ್ನೊಂದು ಮಗ್ಗುಲಲ್ಲಿ ರೈಲು. 1926ರಲ್ಲಿ ಚಾಮರಾಜನಗರಕ್ಕೆ ರೈಲು ತಲುಪಿದ್ದೂ ಈ ಸೇತುವೆ ದಾಟಿಯೇ. ಬ್ರಾಡ್‌ಗೇಜ್ ಬರುವವರೆಗೂ ಅದು ರೈಲನ್ನು ಹೊತ್ತಿತು.

ಶಿವನಸಮುದ್ರದ ಕತೆಗೆ ದಳವಾಯಿಯಂಥವರು ಬೇಕಾಗಲಿಲ್ಲ. ಅಲ್ಲಿ ಹದಿನಾರನೆಯ ಶತಮಾನದಲ್ಲಿ ಗಂಗರಾಜನೆಂಬ ಪಾಳೆಯಗಾರ ಊರು ಕಟ್ಟಿದ. ಮೊಮ್ಮಗನ ಕಾಲಕ್ಕೆ ಅಳಿಯಂದಿರೇ ಮುತ್ತಿಗೆ ಹಾಕಿದರು, ಕೊನೆಗೆ ಪಶ್ಚಾತ್ತಾಪದಿಂದ ತಾವೇ ಜಲಪಾತಕ್ಕೆ ಹಾರಿದರು ಎಂದು ಸ್ಥಳದ ಕತೆ ಹೇಳುತ್ತದೆ.  ಊರು ಹಾಳಾಯಿತು. ಮಧ್ಯರಂಗನ ಗುಡಿ, ಸೋಮೇಶ್ವರನ ಗುಡಿ, ಗಗನಚುಕ್ಕಿಯ ತಲೆಯ ಮೇಲಿನ ದರ್ಗಾ ಉಳಿದವು. ಕಂಪನಿಯ ಪರವಾಗಿ ಸೀಮೆ ಸುತ್ತಲು ಬಂದ ಬುಕಾನನ್ 1800ರಲ್ಲಿ ಇಲ್ಲಿಗೂ ಬಂದ. ನಡುಗಡ್ಡೆ ಆಗ ಹೆಚ್ಚುಕಡಿಮೆ ಕಾಡು.

ಆ ಕಾಡು ಕಡಿಸಿದವನು ರಾಮಸ್ವಾಮಿ ಮೊದಲಿಯಾರ್. ಮೈಸೂರಿನ ರೆಸಿಡೆಂಟರ ನೌಕರಿಯಲ್ಲಿದ್ದವನು. ರಾಜನಲ್ಲ, ದಿವಾನನಲ್ಲ, ಎಂಜಿನಿಯರಂತೂ ಅಲ್ಲ. ಹಣ ಇತ್ತು, ಎರಡೂ ಸರ್ಕಾರಗಳಲ್ಲಿ ಬಳಕೆ ಇತ್ತು. ಗುಡಿಗಳನ್ನು ಜೀರ್ಣೋದ್ಧಾರ ಮಾಡಿಸಿದ, ಜಲಪಾತ ನೋಡಲು ಬರುವ ದೊರೆಗಳಿಗೆ ಬಂಗಲೆ ಇಟ್ಟ, ಎಲ್ಲಕ್ಕಿಂತ ಹೆಚ್ಚಾಗಿ ಹೊಳೆಯ ಎರಡು ಸೀಳುಗಳಿಗೂ ಕಲ್ಲಿನ ಸೇತುವೆ ಕಟ್ಟಿಸಿದ. ಒಂದಕ್ಕೆ ವೆಲ್ಲೆಸ್ಲಿಯ ಹೆಸರು. ನಮ್ಮ ಜನರ ಬಾಯಲ್ಲಿ ಅದು ಸವೆದು ‘ವೆಸ್ಲಿ ಸೇತುವೆ’ ಆಗಿದೆ. ಇನ್ನೊಂದಕ್ಕೆ ಲಷಿಂಗ್ಟನ್ನನ ಹೆಸರು. ಲಷಿಂಗ್ಟನ್ 1827ರಿಂದ 1832ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು, ಆದ್ದರಿಂದ ಕೆಲಸ ಎಲ್ಲಿಯವರೆಗೆ ನಡೆಯಿತೆಂದು ಆ ಹೆಸರೇ ಹೇಳುತ್ತದೆ. ಮೊದಲಿಯಾರ್ ತನ್ನ ಹೆಸರನ್ನು ಯಾವುದಕ್ಕೂ ಇಟ್ಟುಕೊಳ್ಳಲಿಲ್ಲ. ಪ್ರತಿಫಲ ಬೇರೆ ರೀತಿಯಲ್ಲಿ ಬಂತು. ಕಂಪನಿ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಕೊಟ್ಟಿತು. ಸೇತುವೆ ಎರಡು ಸೀಮೆಗಳನ್ನು ಕೂಡಿಸುವುದರಿಂದ ಎರಡು ಸರ್ಕಾರಗಳೂ ಹಳ್ಳಿಗಳನ್ನು ಜಹಗೀರಾಗಿ ಬಿಟ್ಟವು. ಜನೋಪಕಾರವೂ ನಿಜ, ಜಹಗೀರೂ ನಿಜ. ಒಂದನ್ನು ಒಪ್ಪಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಈ ಸೇತುವೆಗಳು ಶ್ರೀರಂಗಪಟ್ಟಣದ ಸೇತುವೆಯ ಜಾತಿಯವೇ, ಅಷ್ಟು ನಯವಾದವಲ್ಲ. ಕಂಬಗಳನ್ನು ಉಳಿಯಿಂದ ಹೆಚ್ಚು ತೀಡಿಲ್ಲ. ಬಂಡೆ ಎಲ್ಲಿ ಎತ್ತರವೋ ಅಲ್ಲಿ ಗಿಡ್ಡ ಕಂಬ, ಎಲ್ಲಿ ತಗ್ಗೋ ಅಲ್ಲಿ ಉದ್ದ ಕಂಬ. ಹೊಳೆಯ ಪಾತ್ರದ ಬಂಡೆ ಒಪ್ಪಿದ ಕಡೆ ಕಂಬ ನಿಂತಿದೆ, ಸೇತುವೆ ಕಂಬಗಳ ಮಾತು ಕೇಳಿ ಸಾಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಳಗಿನಿಂದ ನೋಡಿದರೆ ಕಂಬದ ಹಿಂದೆ ಕಂಬ, ನೆರಳಿನ ಹಿಂದೆ ನೆರಳು.

ಲಷಿಂಗ್ಟನ್ ಮದರಾಸು ಬಿಟ್ಟುಹೋದ ಒಂದೆರಡು ವರ್ಷಗಳಲ್ಲೇ, ಎದೋ ನಗರದಲ್ಲಿ ಎಪ್ಪತ್ತು ದಾಟಿದ ಚಿತ್ರಗಾರ ಹೊಕುಸಾಯ್ ಬೇರೆ ಬೇರೆ ಪ್ರಾಂತಗಳ ಸೇತುವೆಗಳದೇ ಒಂದು ಮಾಲೆ ಬರೆಯುತ್ತಿದ್ದ. ಒಟ್ಟು ಹನ್ನೊಂದು ಹಾಳೆಗಳು. ದೋಣಿಗಳನ್ನು ಸಾಲಾಗಿ ಕಟ್ಟಿದ ಸಾನೋ ಸೇತುವೆ ಹಿಮದಲ್ಲಿ. ಕಣಿವೆಯ ಮೇಲೆ ತೂಗುವ ಕಿರುಸೇತುವೆಯ ಮೇಲೆ ಹೊರೆ ಹೊತ್ತ ಇಬ್ಬರು. ಫುಕುಯಿ ಊರಿನಲ್ಲಿ ಅರ್ಧ ಕಲ್ಲು, ಅರ್ಧ ಮರದ ಸೇತುವೆ. ಜವುಗಿನಲ್ಲಿ ಅಂಕುಡೊಂಕಾಗಿ ಸಾಗುವ ಹಲಗೆಗಳ ಸಾಲು. ಕೆಲವು ಸೇತುವೆಗಳನ್ನು ಅವನು ಕಣ್ಣಾರೆ ಕಂಡಿರಲೂ ಇಲ್ಲ. ಹಳೆಯ ಕತೆ ಕೇಳಿ ಬರೆದ. ಯುರೋಪಿನಿಂದ ಹಡಗಿನಲ್ಲಿ ಬಂದ ಬರ್ಲಿನ್ ನೀಲಿ ಆಗ ಜಪಾನಿನಲ್ಲಿ ಅಗ್ಗವಾಗಿ ಸಿಗತೊಡಗಿತ್ತು. ನೀರನ್ನು ಇಷ್ಟು ಗಾಢವಾಗಿ, ಬಣ್ಣ ಮಾಸದ ಹಾಗೆ ಅಚ್ಚೊತ್ತುವುದು ಅದರಿಂದ ಸಾಧ್ಯವಾಯಿತು.

ಹಾಗಾದರೆ ಶಿವನಸಮುದ್ರದ ಸೇತುವೆಯನ್ನು ನಮ್ಮವರು ಯಾರೂ ಏಕೆ ಬರೆಯಲಿಲ್ಲ? ಆ ಕಾಲದ ನಮ್ಮ ಕೈಯ ಚಿತ್ರವೊಂದನ್ನೂ ನಾನು ಕಂಡಿಲ್ಲ. ಚಿತ್ರಗಾರರಿಲ್ಲದೆ ಅಲ್ಲ. ಮೈಸೂರಿನಲ್ಲಿ ಚಿನ್ನದ ರೇಕು ಅಂಟಿಸಿ ಪಟ್ಟಾಭಿಷೇಕ ಬರೆಯುವ ಮನೆತನಗಳೇ ಇದ್ದವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧ ಸಾಲುಸಾಲಾಗಿ ಹರಡಿದೆ. ಪಲ್ಲಕ್ಕಿಯಲ್ಲಿ ಕೂತ ಕಂಪನಿಯ ಸೇನಾನಿ ಬೈಲಿಯ ದುಗುಡವೂ ಅದರಲ್ಲಿದೆ. ಮರದ ಅಚ್ಚೂ ನಮಗೆ ಹೊಸದಲ್ಲ. ರಂಗಾರಿಗಳು ತಲೆಮಾರುಗಳಿಂದ ಬಟ್ಟೆಯ ಮೇಲೆ ಅಚ್ಚು ಹಾಕುತ್ತಿದ್ದರು, ಬಣ್ಣಕ್ಕೊಂದು ಅಚ್ಚು, ಮೂಲೆಗೊಂದು ಗುರುತು. ಚೆರ್ರಿ ಮರದ ಹಲಗೆ ಕೆತ್ತುವ ಎದೋ ನಗರದವನನ್ನು ಕರೆತಂದು ಅವರ ಪಕ್ಕ ಕೂರಿಸಿದ್ದರೆ ಇಬ್ಬರಿಗೂ ಇನ್ನೊಬ್ಬರ ಕೆಲಸ ಅರ್ಥವಾಗುತ್ತಿತ್ತು.

ಇಲ್ಲದಿದ್ದದ್ದು ಒಂದೆರಡು ಕಾಸಿಗೆ ಹೊಳೆಯ ಚಿತ್ರ ಕೊಳ್ಳುವ ಗಿರಾಕಿ, ಆ ಗಿರಾಕಿಯನ್ನು ನಂಬಿ ಹಣ ಹೂಡುವ ಪ್ರಕಾಶಕ. ಎದೋ ನಗರದಲ್ಲಿ ದುಡ್ಡು ಓಡಾಡುವ ಪೇಟೆಯ ಜನ ಇದ್ದರು, ಅವರಿಗೆ ತಾವು ಓಡಾಡಿದ ಜಾಗ, ಓಡಾಡಲಾಗದ ಜಾಗ ಎರಡೂ ಬೇಕಾಗಿದ್ದವು. ನಮ್ಮಲ್ಲಿ ಚಿತ್ರ ಬರೆಸುವವನು ಅರಮನೆಯವನು ಅಥವಾ ಗುಡಿಯವನು. ಅವನಿಗೆ ಬೇಕಾದದ್ದು ದೇವರು, ಆಮೇಲೆ ತಾನು. ಮುಮ್ಮಡಿಯವರನ್ನೇ ನೋಡಿ. ಶ್ರೀತತ್ತ್ವನಿಧಿಯಲ್ಲಿ ಸಾವಿರಾರು ರೂಪಗಳನ್ನು ಬರೆಯಿಸಿದವರು ಅವರು. ಚದುರಂಗದ ಕುದುರೆ ನಡೆಯ ಒಗಟುಗಳನ್ನು ಕೂಡ ಅಚ್ಚು ಹಾಕಿಸಿದರು. 1818ರಲ್ಲಿ ಅರಿಕುಠಾರಕ್ಕೆ, ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟು ಚಾಮರಾಜನಗರ ಮಾಡಿದರು, 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ದೇವಾಲಯ ಎಬ್ಬಿಸಿದರು. ತಂದೆಯ ನೆನಪು ಲಿಂಗವಾಯಿತು, ಗೋಪುರವಾಯಿತು, ಊರೇ ಆಯಿತು. ಅದೇ ವರ್ಷಗಳಲ್ಲಿ ಪಕ್ಕದ ಕೊಳ್ಳೇಗಾಲದ ಅಂಚಿನಲ್ಲಿ ಸೇತುವೆಯೆದ್ದರೆ, ಅದು ಕಲ್ಲಿನ ಮೇಲಿನ ಬರಹವಾಯಿತು, ಜಹಗೀರಿನ ಸನ್ನದಾಯಿತು. ಇನ್ನೊಂದು ಮಾತು: ಪುಣ್ಯಕ್ಕೆಂದು ಹಿರಿಯರು ಎಣಿಸಿಟ್ಟ ಸಪ್ತಸಂತಾನದಲ್ಲಿ ಕೆರೆ ಇದೆ, ತೋಪು ಇದೆ, ದೇಗುಲ, ಅಗ್ರಹಾರ, ಕಾವ್ಯ ಎಲ್ಲ ಇವೆ. ಸೇತುವೆ ಇಲ್ಲ. ರಾಮಾಯಣದಲ್ಲಿ ಅಷ್ಟು ದೊಡ್ಡ ಸೇತುವೆ ಕಟ್ಟಿಸಿದ ಜನ ನಾವು!

ಜಪಾನಿನ ನೀರು ನಮ್ಮ ಕಾಗದಕ್ಕೆ ಬಂದದ್ದು ತಡವಾಗಿ, ಅದೂ ಕಲ್ಕತ್ತೆಯ ಮೇಲೆ ಹಾದು. 1903ರಲ್ಲಿ ಯೋಕೊಯಾಮಾ ತೈಕಾನ್ ಎಂಬ ಚಿತ್ರಗಾರ ಟ್ಯಾಗೋರರ ಮನೆಗೆ ಬಂದಿದ್ದ. ನೀರು ತುಂಬಿದ ಅಗಲ ಕುಂಚವನ್ನು ಹಾಳೆಯ ಮೇಲೆ ಆಡಿಸಿ ಗೆರೆಯನ್ನು ಮಂಜಿನಂತೆ ಕರಗಿಸುವ ಅವನ ಬಗೆಯನ್ನು ಆ ಮನೆಯ ಚಿತ್ರಗಾರ ಅವನೀಂದ್ರನಾಥರು ನೋಡಿದರು. ಅದರಿಂದ, ಬಣ್ಣ ಹಾಕಿದ ಹಾಳೆಯನ್ನೇ ನೀರಿನಲ್ಲಿ ಅದ್ದಿ ತೆಗೆಯುವ ತಮ್ಮದೇ ರೀತಿ ಹುಟ್ಟಿಸಿಕೊಂಡರು. 1909ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಅವನೀಂದ್ರನಾಥರ ಹತ್ತಿರ ಕಲಿಯಲು ಹೋದವರು ಮೈಸೂರು ಅರಮನೆಯ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ. ಚಿನ್ನದ ರೇಕಿನ ಮನೆಯಿಂದ ಹೋದವರು ನೀರಿನ ಕೆಲಸ ಕಲಿತು ಬಂದರು. 1926ರ ಸುಮಾರಿಗೆ ಅವರು ಊಟಿಯ ಬೆಳದಿಂಗಳು, ಮಳೆಮೋಡ, ಮಂಜು ಬರೆದರು. ದೇವರಿಲ್ಲದ, ದೊರೆಯಿಲ್ಲದ, ಬರೀ ನೋಟದ ಚಿತ್ರಗಳು. ಇಂದಿಗೂ ಅವು ಬೆಂಗಳೂರಿನ ವೆಂಕಟಪ್ಪ ಕಲಾಗ್ಯಾಲರಿಯ ಆಸ್ತಿ. ಮೈಸೂರಿನಿಂದ ಊಟಿಗೆ ಹೋಗುವ ದಾರಿ ನಂಜನಗೂಡಿನ ಸೇತುವೆ, ಗುಂಡ್ಲುಪೇಟೆ, ಬಂಡೀಪುರದ ಮೇಲೆಯೇ. ವೆಂಕಟಪ್ಪನವರ ಕುಂಚ ಬೆಟ್ಟ ಹತ್ತಿದ ಮೇಲೆ ತೆರೆಯಿತು.

ನಾಲ್ಕೈದು ವರ್ಷಗಳ ಮೇಲೆ, 1930ರ ಕೊನೆಯಲ್ಲಿ, ಯೋಷಿದಾ ಹಿರೋಷಿ ಎಂಬ ಮರದಚ್ಚಿನ ಚಿತ್ರಗಾರ ಮಗನನ್ನು ಕರೆದುಕೊಂಡು ಭಾರತ ಸುತ್ತಲು ಬಂದ. ಟೋಕಿಯೊಗೆ ಮರಳಿ ತಾಜ್‌ಮಹಲಿನ ಒಂದೇ ನೋಟವನ್ನು ಬೆಳಿಗ್ಗೆ, ಸಂಜೆ, ರಾತ್ರಿಯ ಬಣ್ಣಗಳಲ್ಲಿ ಬೇರೆ ಬೇರೆಯಾಗಿ ಅಚ್ಚೊತ್ತಿದ. ಕಾಶಿಯ ಘಟ್ಟ, ಮಧುರೆಯ ಗುಡಿಯೊಳಗಿನ ಕತ್ತಲೆ, ಕಾಂಚನಜುಂಗಾ ಎಲ್ಲ ಅವನ ಹಲಗೆಗೆ ಬಂದವು. ಮಧುರೆಯವರೆಗೆ ಬಂದವನಿಗೆ ಕಾವೇರಿಯ ನಡುವಿನ ಈ ಕಂಬಗಳನ್ನು ತೋರಿಸುವವರು ಯಾರೂ ಸಿಗಲಿಲ್ಲ. ಆ ಹೊತ್ತಿಗೆ ಶಿವನಸಮುದ್ರ ಹೆಸರಾಗಿದ್ದುದೇ ಬೇರೆ ಕಾರಣಕ್ಕೆ. 1902ರಿಂದ ಅಲ್ಲಿನ ನೀರು ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. ಕ್ಯಾಮೆರಾ ಹಿಡಿದು ಬಂದವರು ಪವರ್‌ಹೌಸಿನ ಕೊಳವೆಗಳನ್ನು ತೆಗೆದರು, ಜಲಪಾತವನ್ನು ತೆಗೆದರು. ಸೇತುವೆ ಅವರಿಗೆ ಹಾದುಹೋಗುವ ದಾರಿ.

ಹಿರೋಷಿಗೆ ಮಳೆಯಲ್ಲಿ ಬರೆದ ಎದೋ ನಗರದ ಮರದ ಸೇತುವೆ ಹಲವು ಸಲ ಸುಟ್ಟು, ಹಲವು ಸಲ ಕೊಚ್ಚಿಹೋಗಿ, ಕೊನೆಗೆ ಕಬ್ಬಿಣದ್ದಾಯಿತು. ಮೊದಲಿಯಾರನ ಕಲ್ಲಿನ ಸೇತುವೆ ಕೊಳ್ಳೇಗಾಲ ಕೊಯಮತ್ತೂರಿನಿಂದ ಮೈಸೂರು ಜಿಲ್ಲೆಗೆ, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೆ ಸೇರುವವರೆಗೂ ಗಾಡಿ, ಬಸ್ಸು, ಕಬ್ಬಿನ ಲಾರಿಗಳನ್ನು ಹೊತ್ತು ನಿಂತಿತ್ತು. ಪಕ್ಕದಲ್ಲಿ ಕಾಂಕ್ರೀಟಿನ ಸೇತುವೆ ಬಂದ ಮೇಲೆ ಹಳೆಯದರ ಮೇಲೆ ನಡೆಯುವವರು, ಮೀನು ಹಿಡಿಯುವವರು, ಪ್ರವಾಸಿಗಳು ಉಳಿದರು. 2018ರ ಆಗಸ್ಟಿನಲ್ಲಿ ಕಬಿನಿ ಮತ್ತು ಕೆಆರ್‌ಎಸ್ ಎರಡರಿಂದಲೂ ನೀರು ಬಿಟ್ಟಾಗ ಕಾವೇರಿ ವೆಸ್ಲಿ ಸೇತುವೆಯ ಒಂದಷ್ಟು ಕಂಬಗಳನ್ನು, ಅವುಗಳ ಮೇಲಿನ ಚಪ್ಪಡಿಗಳನ್ನು ಎಳೆದುಕೊಂಡು ಹೋದಳು. ದಡದಲ್ಲಿ ನಿಂತವರೆಲ್ಲರ ಕೈಯಲ್ಲೂ ಮೊಬೈಲ್ ಇತ್ತು. ಇನ್ನೂರು ವರ್ಷಗಳಲ್ಲಿ ಆ ಸೇತುವೆಯ ಅತಿ ಹೆಚ್ಚು ಚಿತ್ರಗಳು ಮನೆಮನೆಗೆ ತಲುಪಿದ್ದು ಆ ವಾರದಲ್ಲಿ.